ಯೋಗಾಯೋಗಕ್ಕೊಬ್ಬ ಸಾಕ್ಷಿ

ಗಡಿಯಾರ ಕೆಟ್ಟು ನಿಂತರೂ ಹೊತ್ತು ನಿಲ್ಲುವುದಿಲ್ಲ ಎಂಬ ಸತ್ಯ ಅಲ್ಪವಿರಾಮನಿಗೆ ಹೊಳೆದದ್ದು ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ, ಹಾಸಿಗೆಯಲ್ಲಿ. ಅಲಾರಾಂ ಗಡಿಯಾರವನ್ನು ಕೆಳಮನೆಯ ಗಡಿಯಾರದ ಯಜಮಾನರ ಕೈಗೆ ರಿಪೇರಿಗೆ ಕೊಟ್ಟು ಹದಿನೇಳು ದಿನವಾಗಿತ್ತು. ಕೇಳಿದಾಗಲೆಲ್ಲ ಅವರು, "ನಾಳೆ ಕೊಟ್ಟೆ ಅಂತಲೇ ತಿಳ್ಕೊಳ್ಳಿ" ಅನ್ನುತ್ತಿದ್ದರು. ಈತ ಹದಿನೇಳು ಸಲವೂ ಹಾಗೆಯೇ ತಿಳಿದುಕೊಂಡಿದ್ದ.

"ನನ್ನನ್ನ ಎಬ್ಬಿಸಬಾರದಿತ್ತಾ?" ಎಂದು ಹೆಂಡತಿಯನ್ನು ಕೇಳಿದ.

"ಮೂರು ಸಲ ಎಬ್ಬಿಸಿದೆ. ಮೂರು ಸಲವೂ ಎದ್ದೆ ಅಂದ್ರಿ. ಎದ್ದೋರನ್ನ ಮತ್ತೆ ಹ್ಯಾಗ್ರೀ ಎಬ್ಬಿಸೋದು?"

ಅಲ್ಪವಿರಾಮ ಎಂದರೆ ನಿಘಂಟು ಕಚೇರಿಯ ನಾಲ್ಕನೆಯ ಸಹಾಯಕ. ಅವನ ಸ್ವಂತ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಾತಿನ ನಡುವೆ ಎರಡು ಪದಕ್ಕೊಮ್ಮೆ ನಿಂತು ಉಸಿರೆಳೆದುಕೊಳ್ಳುವ ಅಭ್ಯಾಸವಿದ್ದುದರಿಂದ ಕಚೇರಿಯವರು ಈ ಹೆಸರಿಟ್ಟರು. ಅದು ಮನೆಯವರೆಗೂ ಬಂದು ನೆಲೆಸಿತು.

ತಡವಾದದ್ದು ದೊಡ್ಡ ಮಾತಲ್ಲ. ಆ ತಿಂಗಳಲ್ಲಿ ಅದು ಮೂರನೆಯ ಸಲ ಎಂಬುದು ದೊಡ್ಡ ಮಾತು. ಎರಡನೆಯ ಸಲವೇ ಪ್ರಧಾನ ಸಂಪಾದಕರು ಕಾಗದದಲ್ಲಿ ಬರೆದು ಕೈಗೆ ಕೊಟ್ಟಿದ್ದರು: "ಇನ್ನೊಮ್ಮೆ ತಡವಾದಲ್ಲಿ ತಾವು ಬರುವ ತೊಂದರೆಯನ್ನೇ ತೆಗೆದುಕೊಳ್ಳಬೇಕಾಗಿಲ್ಲ." ನಿಘಂಟು ಬರೆಯುವವರ ಕಾಗದ. ಒಂದು ಪದವೂ ಸುಮ್ಮನೆ ಕೂತಿರುವುದಿಲ್ಲ.

ಅಂಗಿಯ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡು, ಕಚೇರಿಯ ಮೆಟ್ಟಿಲನ್ನು ಬೆಕ್ಕಿನ ಹಾಗೆ ಹತ್ತಿ, ಬಾಗಿಲಲ್ಲಿ ಇಣುಕಿದಾಗ ಅವನ ಎದೆ ಹಗುರಾಯಿತು. ಎಲ್ಲರೂ ಅತ್ತ ತಿರುಗಿ ದೊಡ್ಡ ಮೇಜಿನ ಸುತ್ತ ನಿಂತಿದ್ದರು. ಮೇಜಿನ ಮೇಲೆ ಒಂದೇ ಒಂದು ಕಾರ್ಡು. ಅದರಲ್ಲಿ ಬರೆದದ್ದು "ಯೋಗಾಯೋಗ". ಅಕಾರದಿಂದ ಹೊರಟು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸುತ್ತ ಯಕಾರಕ್ಕೆ ಬಂದಿದ್ದ ಇಡೀ ಕಚೇರಿ ಮೂರು ವಾರದಿಂದ ಆ ಪದದ ಹತ್ತಿರ ಬಂಡೆಗೆ ತಗುಲಿದ ದೋಣಿಯ ಹಾಗೆ ನಿಂತುಬಿಟ್ಟಿತ್ತು.

"ಕಾಕತಾಳೀಯಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಓದುಗ ಕೇಳೇ ಕೇಳ್ತಾನೆ," ಎನ್ನುತ್ತಿದ್ದರು ಪ್ರಧಾನ ಸಂಪಾದಕರು. "ಕಾಗೆ ಬಂದು ಕೂತಿತು, ತಾಳೆಹಣ್ಣು ಬಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ಕಾಕತಾಳೀಯ. ಕಾಗೆ ಕೂತಿತು, ಹಣ್ಣು ಬಿತ್ತು, ಆ ಹೊತ್ತಿಗೆ ಸರಿಯಾಗಿ ಕೆಳಗೊಬ್ಬ ಹಸಿದು ನಿಂತಿದ್ದ, ಹಣ್ಣು ಅವನ ಕೈಗೇ ಬಿತ್ತು. ಇದು ಯೋಗಾಯೋಗ. ಯಾರೂ ಮಾಡಿಸಿದ್ದಲ್ಲ, ಆದ್ರೆ ಅರ್ಥ ಇದೆ."

"ಕೈಗೆ ಬೀಳದೆ ತಲೆ ಮೇಲೆ ಬಿದ್ರೆ ಸಾರ್?" ಎಂದ ಅಡಿಟಿಪ್ಪಣಿ. ಇವನು ಎರಡನೆಯ ಸಹಾಯಕ. ಯಾರು ಏನು ಹೇಳಿದರೂ ಅದರ ಕೆಳಗೆ ತನ್ನದೊಂದು ಸಾಲು ಸೇರಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಆಗ ಅದು ನಿಘಂಟಿಗೆ ಬರಲ್ಲ, ಆಸ್ಪತ್ರೆಗೆ ಹೋಗುತ್ತೆ. ನನಗೆ ಬೇಕಾಗಿರೋದು ಪದದ ಅರ್ಥ ತೋರಿಸೋ ಒಂದು ಪ್ರಯೋಗ. ನಿಜವಾಗಿ ನಡೆದದ್ದು. ಸಂಜೆ ನಾಲ್ಕಕ್ಕೆ ಪದಗಳನ್ನ ಒಪ್ಪೋ ಸಮಿತಿ ಬರುತ್ತೆ. ಇಷ್ಟು ಜನರಲ್ಲಿ ಒಬ್ಬರ ಬದುಕಿನಲ್ಲೂ ಯೋಗಾಯೋಗ ಅನ್ನೋದು ಇಲ್ವೇನ್ರೀ?"

ಯಾರ ಬದುಕಿನಲ್ಲೂ ಇರಲಿಲ್ಲ. ಆ ಮೌನದಲ್ಲಿ ಅಲ್ಪವಿರಾಮನ ಚಪ್ಪಲಿ ಒಂದು ಸಲ ಕಿರ್ ಎಂದಿತು. ಹನ್ನೊಂದು ತಲೆಗಳು ತಿರುಗಿದವು.

"ಏನ್ರೀ," ಎಂದರು ಪ್ರಧಾನ ಸಂಪಾದಕರು, ಗೋಡೆಯ ಗಡಿಯಾರ ನೋಡುತ್ತ, "ಇವತ್ತೇನು ಕಾರಣ?"

ನಿಜ ಹೇಳಬಹುದಿತ್ತು. ಆದರೆ ಮೊದಲ ಸಲದ ಕಾರಣವೂ ಗಡಿಯಾರ, ಎರಡನೆಯ ಸಲದ್ದೂ ಗಡಿಯಾರ. ಅವನ ಕಣ್ಣು ಮೇಜಿನ ಮೇಲಿದ್ದ ಕಾರ್ಡಿನ ಮೇಲೆ ಬಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿದಂತಾಯಿತು.

"ಯೋಗಾಯೋಗ, ಸಾರ್," ಎಂದ. "ದಾರೀಲಿ, ನಮ್ಮ ಪ್ರೈಮರಿ ಸ್ಕೂಲಿನ, ಮೇಷ್ಟ್ರು ಸಿಕ್ಕಿಬಿಟ್ರು."

ಸುಳ್ಳು ಎಂದೂ ಒಂಟಿಯಾಗಿ ಬರುವುದಿಲ್ಲ, ಸಂಸಾರಸಮೇತ ಬರುತ್ತದೆ. ಮೇಷ್ಟರ ಹಿಂದೆಯೇ ಮೂವತ್ತು ವರ್ಷ ಬಂದವು. ನಿನ್ನೆ ರಾತ್ರಿ ತಾನೇ ಅವರನ್ನು ನೆನೆಸಿಕೊಂಡದ್ದು ಬಂತು. ಅವರೂ ಇವನನ್ನೇ ನೆನೆಯುತ್ತ ರಸ್ತೆ ದಾಟುತ್ತಿದ್ದುದು ಬಂತು. ಹೇಳಿ ಮುಗಿಸುವಷ್ಟರಲ್ಲಿ ಅಲ್ಪವಿರಾಮನಿಗೇ ಕಣ್ಣು ಮಂಜಾಗಿತ್ತು.

ಪ್ರಧಾನ ಸಂಪಾದಕರು ಕುರ್ಚಿಯಲ್ಲಿ ಕೂತರು. ಅವರ ಮುಖ ಬೆಳಗಿತ್ತು. "ಇದು ಕಣ್ರೀ ಪ್ರಯೋಗ. ಮೂರು ವಾರದಿಂದ ಇದಕ್ಕೇ ಬಾಯಿ ಬಿಟ್ಕೊಂಡು ಕೂತಿದ್ವಿ. ಸಂಜೆ ಅವರನ್ನ ಕರ್ಕೊಂಡು ಬನ್ನಿ."

"ಯಾರನ್ನ ಸಾರ್?"

"ಮೇಷ್ಟ್ರನ್ನ. ಸಾಕ್ಷಿ ಇಲ್ಲದ ಪ್ರಯೋಗವನ್ನ ನಾನು ಇವತ್ತಿನವರೆಗೆ ಒಳಗೆ ಬಿಟ್ಟಿಲ್ಲ. ಸಮಿತಿ ಮುಂದೆ ಅವರ ಬಾಯಲ್ಲೇ ಬರಲಿ."

"ಸಾರ್, ಅವರಿಗೆ, ತುಂಬ ವಯಸ್ಸಾಗಿದೆ."

"ನಮ್ಮ ಸಮಿತಿಗೂ ಆಗಿದೆ."

"ಕಷ್ಟ ಆದ್ರೆ ನಾನೂ ಬರ್ತೀನಿ," ಎಂದು ಅಡಿಟಿಪ್ಪಣಿ ಸೇರಿಸಿದ. "ಆ ಕಡೆ ಒಂದು ಕೈ, ಈ ಕಡೆ ಒಂದು ಕೈ ಹಿಡ್ಕೊಂಡು ಕರ್ಕೊಂಡು ಬರೋಣ."

ಆ ಕೈಯನ್ನು ಹೇಗೋ ತಪ್ಪಿಸಿಕೊಂಡು ಅಲ್ಪವಿರಾಮ ಮಧ್ಯಾಹ್ನ ಮನೆಗೆ ಓಡಿಬಂದ. ಹೆಂಡತಿ ಎಲ್ಲ ಕೇಳಿ ಸೌಟು ಕೆಳಗಿಟ್ಟಳು.

"ಬಸ್ಸು ಕೆಟ್ಟಿತು ಅನ್ನಬಾರದಿತ್ತೇನ್ರೀ? ಬಸ್ಸನ್ನ ಯಾರೂ ಸಾಕ್ಷಿಗೆ ಕರೆಯಲ್ಲ."

"ಹೊಳೀಲಿಲ್ಲ ಕಣೇ."

"ಈಗ ನಿಜ ಹೇಳಿಬಿಡಿ."

"ಹೇಳಿದ್ರೆ, ತಡವಾಗಿ ಬಂದದ್ದೂ ನಿಜ ಆಗುತ್ತೆ, ಸುಳ್ಳು ಹೇಳಿದ್ದೂ ನಿಜ ಆಗುತ್ತೆ. ಕೆಲಸ ಹೋಗುತ್ತೆ."

ಬಾಗಿಲಲ್ಲಿ ಮೇಲ್ಮನೆಯ ಅತ್ತೆ ಪ್ರತ್ಯಕ್ಷರಾದರು. ಅವರು ಯಾರಿಗೂ ಅತ್ತೆಯಲ್ಲ, ಆ ಕಟ್ಟಡಕ್ಕೆಲ್ಲ ಅತ್ತೆ. ಮಹಡಿಯ ಮೇಲೆ ಕೂತೇ ಕೆಳಗಿನ ಮನೆಗಳ ಒಗ್ಗರಣೆ ಯಾವ ಹೊತ್ತಿಗೆ ಸೀದಿತು ಎಂದು ಹೇಳಬಲ್ಲವರು. "ನಾನೇನೂ ಕೇಳಿಸ್ಕೊಳ್ಳಲಿಲ್ಲಪ್ಪ," ಎಂದು ಶುರುಮಾಡಿದರು. "ಆದ್ರೆ ಮೇಷ್ಟ್ರು ಬೇಕು ಅಂದ್ರೆ ಅಷ್ಟು ದೂರ ಯಾಕೆ? ಕೆಳಗಿನ ಗಡಿಯಾರದವರು ಇಲ್ವಾ? ಬಿಳೀ ಮೀಸೆ, ಬಾಗಿದ ಬೆನ್ನು, ಯಾವಾಗಲೂ ಒಂದು ಸಿಡುಕು. ಇನ್ನೇನು ಬೇಕು?"

ಗಡಿಯಾರದ ಯಜಮಾನರು ಬೇರೆ ಊರಿನಿಂದ ಬಂದು ಎಂಟು ತಿಂಗಳಾಗಿತ್ತು. ಕೆಳಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಮೂವರೂ ಇಳಿದು ಬಂದದ್ದು ನೋಡಿ ಅವರು ಕಣ್ಣಿನ ಭೂತಗನ್ನಡಿ ತೆಗೆಯದೆಯೇ, "ನಾಳೆ ಕೊಟ್ಟೆ ಅಂತಲೇ ತಿಳ್ಕೊಳ್ಳಿ" ಎಂದರು.

ಸಂಗತಿ ಕೇಳಿದ ಮೇಲೆ, "ನನಗೆ ಸುಳ್ಳು ಹೇಳೋಕೆ ಬರಲ್ಲ," ಎಂದರು.

ಹದಿನೇಳು ದಿನದ ಸುಳ್ಳನ್ನು ಅಲ್ಪವಿರಾಮ ನುಂಗಿಕೊಂಡ. "ಯಜಮಾನರೇ, ನನ್ನ ಕೆಲಸ, ನಿಮ್ಮ ಕೈಲಿದೆ. ನೀವು ಬಂದ್ರೆ, ಇನ್ನು ಎರಡು ತಿಂಗಳು, ಗಡಿಯಾರ ಅನ್ನೋ ಪದಾನೇ ಎತ್ತಲ್ಲ."

ಯಜಮಾನರು ಭೂತಗನ್ನಡಿ ತೆಗೆದರು. "ಮೂರು ತಿಂಗಳು," ಎಂದರು.

ಮಾತು ಮುಗಿಯಿತು. ಹೆಂಡತಿ ಗಂಡನ ಹಳೆಯ ಕೋಟನ್ನು ಇಸ್ತ್ರಿ ಮಾಡಿ ತಂದಳು. ಅತ್ತೆ ತಮ್ಮ ತೀರಿಹೋದ ಗಂಡನ ದಪ್ಪ ಗಾಜಿನ ಕನ್ನಡಕ ತಂದು ಯಜಮಾನರ ಮೂಗಿಗೆ ಏರಿಸಿಯೇ ಬಿಟ್ಟರು.

"ಇದ್ರಲ್ಲಿ ಏನೂ ಕಾಣಲ್ಲಮ್ಮ. ಎಲ್ಲಾ ಹೊಗೆ ಹೊಗೆ."

"ನಿಮಗೆ ಕಾಣೋದು ಬೇಡ. ನೀವು ಮೇಷ್ಟ್ರ ಹಾಗೆ ಕಂಡ್ರೆ ಸಾಕು."

ನಾಲ್ಕು ಗಂಟೆಗೆ ಸಮಿತಿಯ ಮೂವರು ಹಿರಿಯರು ಕುರ್ಚಿಗಳಲ್ಲಿ ಹುದುಗಿ ಕೂತಿದ್ದರು. ಅಲ್ಪವಿರಾಮ ಯಜಮಾನರನ್ನು ಕೈಹಿಡಿದು ಒಳಗೆ ತಂದ. ಅವರು ಮೊದಲು ಕಬ್ಬಿಣದ ಬೀರುವಿಗೆ ಕೈಮುಗಿದರು, ಆಮೇಲೆ ತಿರುಗಿಸಿದ ಕಡೆಗೆ. ಎಂಥ ವಿನಯ ಎಂದು ಸಮಿತಿಯವರು ತಲೆದೂಗಿದರು.

"ಹುಡುಗನಾಗಿದ್ದಾಗ ಹೇಗಿದ್ದರು ಇವರು?" ಎಂದು ಪ್ರಧಾನ ಸಂಪಾದಕರು ಕೇಳಿದರು.

"ಒಳ್ಳೇ ಗಡಿಯಾರ ಇದ್ದ ಹಾಗೆ ಇದ್ದ."

"ಅಂದ್ರೆ, ಹೊತ್ತಿಗೆ ಸರಿಯಾಗಿ ಬರ್ತಿದ್ರೋ?"

"ಇಲ್ಲ. ಕೀ ಕೊಟ್ರೆ ಮಾತ್ರ ನಡೀತಿದ್ದ."

ಎಲ್ಲರೂ ನಕ್ಕರು. ಅಡಿಟಿಪ್ಪಣಿ ಮಾತ್ರ ನಗದೆ, "ಮೇಷ್ಟ್ರೇ, ತಾವು ಯಾವ ಪಾಠ ಹೇಳ್ತಿದ್ರಿ?" ಎಂದ.

"ಲೆಕ್ಕ," ಎಂದರು ಯಜಮಾನರು. "ಭಾಷೆ," ಎಂದ ಅಲ್ಪವಿರಾಮ. ಎರಡೂ ಒಟ್ಟಿಗೇ ಹೊರಟವು. ಅಲ್ಪವಿರಾಮನ ಬೆನ್ನಿನಲ್ಲಿ ಬೆವರಿನ ಹನಿಯೊಂದು ಮೆಟ್ಟಿಲಿಳಿಯಿತು. "ಸಣ್ಣ ಸ್ಕೂಲು," ಎಂದು ಸೇರಿಸಿದ. "ಎಲ್ಲದಕ್ಕೂ, ಒಬ್ಬರೇ ಮೇಷ್ಟ್ರು."

"ಪಾಪ," ಎಂದಿತು ಸಮಿತಿ.

ಪ್ರಧಾನ ಸಂಪಾದಕರು ಕಾರ್ಡನ್ನು ಮುಂದಿಟ್ಟು ಪೆನ್ನು ಕೊಟ್ಟರು. "ಇದನ್ನ ಓದಿ ಒಂದು ಸಹಿ ಹಾಕಿಬಿಡಿ."

ಯಜಮಾನರು ಕಾರ್ಡನ್ನು ಹತ್ತಿರ ತಂದರು, ದೂರ ಹಿಡಿದರು. ಹೊಗೆ ಬಿಟ್ಟು ಬೇರೇನೂ ಕಾಣಲಿಲ್ಲ. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡು ತಲೆಯೆತ್ತಿದರು. ಎದುರಿಗೆ ಪ್ರಧಾನ ಸಂಪಾದಕರ ಮುಖ ಸ್ಪಷ್ಟವಾಗಿ ಕಾಣಿಸಿತು. ಅವರು ಬಹಳ ಹೊತ್ತು ನೋಡಿದರು.

"ಒಣಕಡ್ಡಿ," ಎಂದರು. "ನೀನು ಒಣಕಡ್ಡಿ ಅಲ್ವೇನೋ?"

ಇಪ್ಪತ್ತು ವರ್ಷದಲ್ಲಿ ಪ್ರಧಾನ ಸಂಪಾದಕರನ್ನು ಯಾರೂ ಏಕವಚನದಲ್ಲಿ ಕರೆದದ್ದಿರಲಿಲ್ಲ. ಇನ್ನು ಕಡ್ಡಿ ಎಂಬ ಪದಕ್ಕೂ ಅವರ ಈಗಿನ ಆಕಾರಕ್ಕೂ ಯಾವ ನಿಘಂಟೂ ಸಂಬಂಧ ಕಲ್ಪಿಸಲಾರದಾಗಿತ್ತು. ಅಲ್ಪವಿರಾಮ ಮನಸ್ಸಿನಲ್ಲೇ ರಾಜೀನಾಮೆ ಬರೆದು ಮುಗಿಸಿದ.

ಪ್ರಧಾನ ಸಂಪಾದಕರು ಮೆಲ್ಲನೆ ಎದ್ದರು.

"ನನ್ನ ಶೂ ಎಲ್ಲೋ?" ಎಂದರು.

ಆಮೇಲೆ ತಿಳಿದದ್ದು ಇಷ್ಟು. ನಲವತ್ತೊಂದು ವರ್ಷದ ಹಿಂದೆ ಇಬ್ಬರೂ ಒಂದೇ ಕೋಣೆಯಲ್ಲಿದ್ದರು. ಇಬ್ಬರಿಗೂ ಕೆಲಸವಿರಲಿಲ್ಲ, ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಜೊತೆ ಕರಿಯ ಶೂ. ಒಂದೇ ದಿನ ಇಬ್ಬರಿಗೂ ಸಂದರ್ಶನ ಬಂತು. ಬೆಳಿಗ್ಗೆ ಗಡಿಯಾರದ ಯಜಮಾನರಿಗೆ, ಮಧ್ಯಾಹ್ನ ಪ್ರಧಾನ ಸಂಪಾದಕರಿಗೆ. ಹನ್ನೆರಡಕ್ಕೆ ಶೂ ತಂದುಕೊಡುತ್ತೇನೆ ಎಂದು ಹೋದವನನ್ನು ಗಡಿಯಾರದ ಕಾರ್ಖಾನೆಯವರು ಅಲ್ಲೇ ಆರಿಸಿ, ಅಲ್ಲಿಂದಲೇ ರೈಲು ಹತ್ತಿಸಿ ದೂರದ ಊರಿಗೆ ಕಳಿಸಿಬಿಟ್ಟರು. ಅಲ್ಲಿಂದ ಬರೆದ ಕಾಗದ ಹಿಂತಿರುಗಿತು; ಅಷ್ಟರಲ್ಲಿ ಕೋಣೆ ಖಾಲಿಯಾಗಿತ್ತು.

"ನಾನು ಬ್ಯಾಂಕಿನ ಸಂದರ್ಶನಕ್ಕೆ ರಬ್ಬರ್ ಚಪ್ಪಲೀಲಿ ಹೋದೆ ಕಣೋ," ಎಂದರು ಪ್ರಧಾನ ಸಂಪಾದಕರು. "ಅವರು ನನ್ನ ಮುಖಾನೇ ನೋಡಲಿಲ್ಲ, ಕಾಲು ನೋಡಿ ಕಳಿಸಿದ್ರು. ಕಾಲು ನೋಡದ ಕೆಲಸ ಅಂತ ಸಿಕ್ಕಿದ್ದು ನಿಘಂಟು ಒಂದೇ. ನಿನ್ನನ್ನ ಎಷ್ಟು ಹುಡುಕಿದೆ ಗೊತ್ತಾ?"

"ಶೂಗೋಸ್ಕರ ತಾನೇ?"

"ಮೊದಮೊದಲು ಶೂಗೇ. ಆಮೇಲೆ ನಿನಗೆ."

ಇಬ್ಬರೂ ತಬ್ಬಿಕೊಂಡರು. ಸಮಿತಿಯ ಮೂವರೂ ಒಂದೇ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡರು. ಅಲ್ಪವಿರಾಮನಿಗೆ ಹೋದ ಜೀವ ಬಂದಂತಾಯಿತು. ಇನ್ನು ತನ್ನನ್ನು ಯಾರು ಕೇಳುತ್ತಾರೆ?

"ಅಂತೂ ಕಾರ್ಖಾನೆ ಬಿಟ್ಟು ಮೇಷ್ಟ್ರಾದೆ ಅನ್ನು," ಎಂದರು ಪ್ರಧಾನ ಸಂಪಾದಕರು, ಗೆಳೆಯನ ಹೆಗಲ ಮೇಲಿನ ಕೈ ತೆಗೆಯದೆ.

"ಯಾವ ಮೇಷ್ಟ್ರೋ ಮಾರಾಯ. ನಾನು ಜನ್ಮದಲ್ಲಿ ಚಾಕ್‌ಪೀಸು ಮುಟ್ಟಿದವನಲ್ಲ. ಇವರ ಕೆಳಮನೇಲಿ ಗಡಿಯಾರ ರಿಪೇರಿ ಅಂಗಡಿ ಇಟ್ಕೊಂಡಿದೀನಿ. ಮಧ್ಯಾಹ್ನ ಬಂದು, ಮೇಷ್ಟ್ರಾಗಿ ಬನ್ನಿ, ಬೆಳಿಗ್ಗೆ ಎದ್ದದ್ದು ಒಂಬತ್ತೂವರೆಗೆ, ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ..." ಯಜಮಾನರು ತಟ್ಟನೆ ನಿಂತು ಅಲ್ಪವಿರಾಮನ ಕಡೆ ತಿರುಗಿದರು. "ಇದನ್ನ ಹೇಳಬಾರದಿತ್ತು, ಅಲ್ವಾ?"

ಅಲ್ಪವಿರಾಮ ಗೋಡೆಗೆ ಒರಗಿದ. ಅವನಿಗೆ ಈಗ ಪೂರ್ಣವಿರಾಮವೇ ಬಂದಿತ್ತು.

"ಹಾಗಾದ್ರೆ ಪ್ರಯೋಗ ಬಿದ್ದುಹೋಯ್ತು ಸಾರ್," ಎಂದ ಅಡಿಟಿಪ್ಪಣಿ, ಸಾಧ್ಯವಾದಷ್ಟು ದುಃಖದಿಂದ. "ತಾನಾಗಿ ನಡೆದದ್ದಲ್ಲ. ಇವನು ಸುಳ್ಳು ಹೇಳಿ ಕರ್ಕೊಂಡು ಬಂದದ್ದು."

ಸಮಿತಿಯ ಹಿರಿಯರಲ್ಲೇ ಹಿರಿಯರಾದವರು ಕಣ್ಣು ತೆರೆದರು. "ಇವನು ಸುಳ್ಳು ಹೇಳಿದ್ದು ತನ್ನ ಕೆಲಸ ಉಳಿಸ್ಕೊಳ್ಳೋದಕ್ಕೆ. ಅದರಿಂದ ಸಿಕ್ಕಿದ್ದು ಇವರಿಗೆ ಸ್ನೇಹಿತ. ಹಣ್ಣು ಬೀಳಿಸೋ ಉದ್ದೇಶ ಕಾಗೆಗೆ ಇರಲಿಲ್ಲ. ಯೋಗಾಯೋಗವೇ. ಬರ್ಕೊಳ್ಳಿ."

ಬರೆದುಕೊಳ್ಳಲಾಯಿತು. ಗೆಳೆಯರ ಭೇಟಿ ಬಂತು, ನಲವತ್ತೊಂದು ವರ್ಷ ಬಂತು, ಶೂ ಕೂಡ ಬಂತು. ಅಲ್ಪವಿರಾಮನ ಹೆಸರು ಮಾತ್ರ ಬರಲಿಲ್ಲ. ಕಾಗೆಯ ಹೆಸರನ್ನು ಯಾರು ಬರೆಯುತ್ತಾರೆ?

"ನಿಮ್ಮನ್ನ ಕೆಲಸದಿಂದ ತೆಗೆಯೋಲ್ಲ," ಎಂದರು ಪ್ರಧಾನ ಸಂಪಾದಕರು ಅವನ ಕಡೆ ತಿರುಗಿ. "ಇವನನ್ನ ಹುಡುಕಿಕೊಟ್ಟೋರನ್ನ ಹೇಗೆ ತೆಗೆಯಲಿ?"

ಅಲ್ಪವಿರಾಮ ಅವರ ಕಾಲಿಗೆ ಬೀಳುವುದೊಂದು ಬಾಕಿ.

"ನಲವತ್ತೊಂದು ವರ್ಷದ ಮಾತು ಬಾಕಿ ಇದೆ. ನಾಳೆಯಿಂದ ದಿನಾ ಬೆಳಿಗ್ಗೆ ಆರಕ್ಕೆ ನಾನು ಇವನ ಅಂಗಡಿಗೆ ಬರ್ತೀನಿ. ಒಟ್ಟಿಗೆ ಟೀ ಕುಡೀತೀವಿ. ಹೇಗೂ ನೀವು ಮೇಲೇ ಇರ್ತೀರಿ. ನಿಮ್ಮನ್ನ ಎಬ್ಬಿಸಿ, ಜೊತೆಗೇ ಆಫೀಸಿಗೆ ಕರ್ಕೊಂಡು ಬರ್ತೀನಿ."

"ಆರಕ್ಕಾ, ಸಾರ್?"

"ಬಾಗಿಲು ತಟ್ಟಿದ್ರೆ ಏಳಲ್ಲ ಕಣೋ," ಎಂದು ಯಜಮಾನರು ಉಪಕಾರ ಮಾಡುವ ದನಿಯಲ್ಲಿ ತಿಳಿಸಿದರು. "ಎದ್ದೆ ಅಂತಾರೆ, ಏಳಲ್ಲ. ಒಳಗೇ ಹೋಗಿ ಹೊದಿಕೆ ಎಳೀಬೇಕು. ಅವರ ಮನೆಯವರು ದಿನಾ ಕೂಗೋದು ಕೆಳಗೆ ಕೇಳುತ್ತೆ."

"ಎಳೆಯೋಣ," ಎಂದರು ಪ್ರಧಾನ ಸಂಪಾದಕರು.

ಗೆಳೆಯರಿಬ್ಬರೂ ಕೈ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಅಲ್ಪವಿರಾಮ ತನ್ನ ಜಾಗದಲ್ಲಿ ಕೂತು ಹೊಸದೊಂದು ಖಾಲಿ ಕಾರ್ಡು ತೆಗೆದು ದಪ್ಪ ಅಕ್ಷರದಲ್ಲಿ "ಗ್ರಹಚಾರ" ಎಂದು ಬರೆದ. ಅದರ ಕೆಳಗೆ, ಒಂದು ಸಲವೂ ಉಸಿರೆಳೆದುಕೊಳ್ಳಲು ನಿಲ್ಲದೆ, ಬೆಳಗಿನಿಂದ ನಡೆದದ್ದನ್ನೆಲ್ಲ ಪ್ರಯೋಗವೆಂದು ಬರೆಯತೊಡಗಿದ.

ಅಡಿಟಿಪ್ಪಣಿ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಸುಮ್ನೆ ಕೈ ನೋಯಿಸ್ಕೋಬೇಡ," ಎಂದ. "ಗಕಾರದ ಸಂಪುಟ ಅಚ್ಚಾಗಿ ಹನ್ನೆರಡು ವರ್ಷ ಆಯ್ತು. ಆ ಪದಕ್ಕೆ ಇನ್ನು ಯಾರನ್ನೂ ಸೇರಿಸ್ಕೊಳ್ಳಲ್ಲ."