ನಿಂಬೆಹಣ್ಣು ತಿಂದ ಫರಸಿ

ನರಸಪ್ಪ: ಅದು ಕೊಳಿ ಅಲ್ಲ. ಕಲ್ಲಿನ ಜೀವ. ತಿಕ್ಕಿ ತಿಕ್ಕಿ ಅದನ್ನ ಹೊರಗ ತಗದೀದಿ.

ಸುಂದರಬಾಯಿ: ಲಿಂಬಿಹಣ್ಣು ಹಚ್ಚಿದ ಕೂಡ್ಲೆ ಬುರುಬುರು ನೊರಿ ಬಂತು. ಕೊಳಿ ಬಿಡ್ಲಿಕತ್ತದ ಅಂತ ತಿಳ್ಕೊಂಡೆ. ಅರಿವಿ ಒಗಿಯೂವಾಗ ನೊರಿ ಬಂದ್ರ ಅರಿವಿ ಜೀವ ಹೋಗ್ತದೇನು?

ನರಸಪ್ಪ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಬೆಳಕಿಗೆ ಅಡ್ಡಲಾಗಿ ನೋಡಿದ. ಹೊಸ್ತಿಲಿನಿಂದ ಪಡಸಾಲೆಯ ನಡುವಿನವರೆಗೆ ನೆಲಕ್ಕೆ ಹಾಸಿದ ಫರಸಿ ಕಲ್ಲು ಬೂದಿ ಬಳಿದಂತೆ ಮಂಕಾಗಿತ್ತು. ಅಲ್ಲಿಗೆ ನಿಂಬೆಹಣ್ಣು ಮುಗಿದಿದ್ದವು. ಮುಂದಿನ ಅರ್ಧ ಮಾತ್ರ ಮುಖ ಕಾಣುವಷ್ಟು ಹೊಳೆಯುತ್ತಿತ್ತು.

ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವವರಿಗೆ ಬರವಿಲ್ಲ. ಆದರೆ ಸ್ವಂತ ಮನೆಯ ಪಡಸಾಲೆಯನ್ನೇ ಗಿರಾಕಿಗಳಿಗೆ ಮಾದರಿ ಎಂದು ತೋರಿಸುವವನು ನರಸಪ್ಪ ಒಬ್ಬನೇ. ದಿನಾ ಬೆಳಗ್ಗೆ ಶೇಂಗಾ ಎಣ್ಣೆಯ ಅರಿವೆ ಆಡಿಸಿ ಆ ಹೊಳಪು ಕಾಯುತ್ತಿದ್ದ. ಅಲ್ಲಿ ಕೂಡುವಂತಿಲ್ಲ, ಹಾಸಿಗೆ ಹಾಸುವಂತಿಲ್ಲ. ಸುಂದರಬಾಯಿ ಮದುವೆಯಾಗಿ ಬಂದಾಗಿನಿಂದ ನೀರಿನ ಕೊಡ ಹೊತ್ತು ಹಿಂದಿನ ಬಾಗಿಲಿನಿಂದಲೇ ಒಳಗೆ ಬರಬೇಕು. ಫರಸಿಯ ಮೇಲೆ ಒಂದು ಹನಿ ಬಿದ್ದರೂ ಆ ದಿನ ಮನೆಯಲ್ಲಿ ಊಟ ರುಚಿಸುತ್ತಿರಲಿಲ್ಲ.

ಇಂಥ ನೆಲವನ್ನು ನೋಡಲು ಅಂದು ಚಿತ್ತಾಪುರದಿಂದ ಶೌಕತ ಅಲಿ ಸೇಠ್ ಬರುವವರಿದ್ದರು. ಅವರು ಮದುವೆಗಳಿಗೆಂದು ಶಾದಿಖಾನೆ ಕಟ್ಟಿಸುತ್ತಿದ್ದರು. ಅದರ ನೆಲದ ಕೆಲಸ ಸಿಕ್ಕರೆ ನರಸಪ್ಪನ ಪಾಲಿಶ್ ಮಷೀನು ಮಳೆಗಾಲ ಕಳೆಯುವ ತನಕ ತಿರುಗುತ್ತದೆ. ಸಿಗದಿದ್ದರೆ ಮಷೀನು ಮಾರಿ, ಹಿಂದೆ ಬೈದು ಬಿಟ್ಟು ಬಂದ ಮಾಲೀಕನ ಬಳಿಯೇ ಕೂಲಿಗೆ ನಿಲ್ಲಬೇಕು.

ಅದಕ್ಕೇ ಸುಂದರಬಾಯಿ ಮನೆ ಸ್ವಚ್ಛ ಮಾಡಲು ಹೊರಟಿದ್ದಳು. ಪಕ್ಕದ ಮನೆಯ ಕಮರುನ್ನೀಸಾ ನಿಂಬೆ ಹೋಳಿನಿಂದ ಹಿತ್ತಾಳೆ ಬೆಳಗುತ್ತಾಳೆ, ಕಿಟಕಿಯ ಗಾಜು ಒರೆಸುತ್ತಾಳೆ. ಅವಳ ಮನೆಗೆ ಕಾಲಿಟ್ಟರೆ ಘಮ್ಮೆನ್ನುತ್ತದೆ.

ನರಸಪ್ಪ: ಆಕಿ ಹೇಳಿದ್ದು ಹಿತ್ತಾಳಿಗೆ. ಫರಸಿಗೆ ಹೇಳಿದ್ಲೇನು?

ಸುಂದರಬಾಯಿ: ಮನಿ ಸ್ವಚ್ಛ ಆಗ್ತದ ಅಂದ್ಲು. ಇದು ಮನಿ ಅಲ್ಲ, ಅಂಗಡಿ ಅಂತ ಕಮರುನ್ನೀಸಾ ಆಪಾಗ ಹೆಂಗ ಗೊತ್ತಾಗಬೇಕು? ಆಕಿ ಮನಿ ಘಮ್ ಅಂತದ, ನಮ್ಮ ಮನಿ ಎಣ್ಣಿ ನಾರ್ತದ.

ನರಸಪ್ಪ: ಎಣ್ಣಿ ವಾಸನಿಯಿಂದ ಯಾರೂ ಸತ್ತಿಲ್ಲ.

ಸುಂದರಬಾಯಿ: ಸತ್ತಿಲ್ಲ, ಖರೇ. ಬಂದೂ ಇಲ್ಲ. ನಮ್ಮಣ್ಣ ಮೊನ್ನೆ ಕಟ್ಟಿ ಮ್ಯಾಲ ಕುಂತು ಚಹಾ ಕುಡದು ಹಂಗೇ ಹೋದ. ಒಳಗ ಬಂದ್ರ ಮಿರ್ಚಿಭಜಿ ಅಂಗಡ್ಯಾಗ ಬಂದಂಗ ಆಗ್ತದಂತ.

ಹೊರಗೆ ಟಾಂಗಾ ನಿಂತ ಸಪ್ಪಳವಾಯಿತು. ನರಸಪ್ಪ ಅಟ್ಟದ ಮೇಲಿನ ಜಮಖಾನೆಯನ್ನು ಜಗ್ಗಿ, ಮಂಕಾದ ಅರ್ಧದ ಮೇಲೆ ಹಾಸಿದ. ಸೇಠರು ಹೋಗುವ ತನಕ ಮುಖ ತೋರಿಸಬೇಡ ಎಂದು ಹೆಂಡತಿಯನ್ನು ಅಡಿಗೆಮನೆಗೆ ಅಟ್ಟಿದ.

ಸೇಠರು ವಾಡಿಯಲ್ಲಿ ರೈಲುಗಾಡಿ ಬದಲಿಸುವಾಗ ಆದ ತ್ರಾಸು ಹೇಳುತ್ತ ಒಳಗೆ ಬಂದರು. ಬೂಟು ಬಿಟ್ಟರು, ಕಾಲುಚೀಲ ಬಿಡಲಿಲ್ಲ. ನರಸಪ್ಪ ಅವರನ್ನು ಜಮಖಾನೆಯ ಮೇಲೆ ನಿಲ್ಲಗೊಡದೆ, ಮುಂದ ಬರ್ರಿ, ಅಸಲೀ ಕೆಲಸ ಮುಂದ ಅದ ಎಂದು ಹೊಳೆಯುವ ಕಡೆಗೆ ಕರೆದ.

ಸೇಠರು ಮುಂದೆ ಬಂದರು. ಬಲಗಾಲು ಅವರಿಗಿಂತ ಮೊದಲೇ ಗೋಡೆ ಮುಟ್ಟಿತು. ಬೀಳುವಾಗ ಕೈಗೆ ಸಿಕ್ಕ ಜಮಖಾನೆಯ ಅಂಚನ್ನು ಹಿಡಿದರು. ಅದೂ ಅವರ ಜೊತೆಗೇ ಜಾರಿ ಬಂತು. ನೋಡುವಷ್ಟರಲ್ಲಿ ಸೇಠರು ನೆಲದ ಮೇಲಿದ್ದರು, ಜಮಖಾನೆ ಅವರ ತೊಡೆಯ ಮೇಲಿತ್ತು, ನಿಂಬೆಹಣ್ಣು ತಿಂದ ಫರಸಿ ಬಯಲಾಗಿತ್ತು.

ಸೇಠ್: ಇದು ಫರಸಿ ಏನ್ರಿ, ಬೆಣ್ಣಿ ಏನ್ರಿ? ಶಾದಿಖಾನ್ಯಾಗ ಹಂಡೆಯಂಥಾ ಬಿರ್ಯಾನಿ ದೇಗ ಹೊತ್ಕೊಂಡು ಬರ್ತಾರ. ನೆಲದ ಮ್ಯಾಲ ನೀರು ಚೆಲ್ಲಿರ್ತದ. ಒಬ್ಬ ಜಾರಿದ್ರ ಬಿರ್ಯಾನಿ ಎಲ್ಲಾ ಲಗ್ನ ಆಗೂ ದುಲ್ಹಾನ ಮ್ಯಾಲೇ.

ಅವರು ಗೋಡೆ ಹಿಡಿದು ಎದ್ದು, ಈಚೆ ಮಂಕಾದ ಕಡೆಗೆ ಬಂದು ನಿಂತರು. ಕಾಲು ಗಟ್ಟಿಯಾಗಿ ನಿಂತಿತು. ಹಿಂದೆ ಮುಂದೆ ಆಡಿಸಿ ನೋಡಿದರು. ಎರಡು ಹೆಜ್ಜೆ ಓಡಿಯೂ ನೋಡಿದರು.

ಸೇಠ್: ಇದು ಯಾವ ಕೆಲಸ? ಇದು ಛಲೋ ಅದ.

ನರಸಪ್ಪ: ಅದು ಕೆಟ್ಟದ್ರಿ. ಅಂದ್ರ... ಪಾಲಿಶ್ ಹೋಗ್ಯದ.

ಸೇಠ್: ಹಂಗಾದ್ರ ಪಾಲಿಶ್ ಯಾಕ ಬೇಕು? ಖಣಿಯಿಂದ ಬಂದ ಕಲ್ಲು ಹಂಗೇ ಹಾಕಸ್ತೀನಿ. ನಿಮ್ಮನ್ನ ಸುಮ್ಮ ತ್ರಾಸು ಮಾಡಿದೆ.

ಸೇಠರು ಬೂಟಿನ ಕಡೆಗೆ ನಡೆದರು. ನರಸಪ್ಪನ ಕಣ್ಣ ಮುಂದೆ ಆ ಹಳೆಯ ಮಾಲೀಕನ ಮುಖ ಬಂದು ನಿಂತಿತು.

ನರಸಪ್ಪ: ನಿಂದರ್ರಿ ಸೇಠರ. ಪಾಲಿಶ್ ಇಲ್ಲದ ಕಲ್ಲಿನ್ಯಾಗ ಎಣ್ಣಿ ಮಸಾಲಿ ಹೊಕ್ಕೊಂಡು ಕುಂದರ್ತಾವ. ಮೊದಲು ಪಾಲಿಶ್ ಆಗಬೇಕು, ಆಮ್ಯಾಲ ಲಿಂಬಿಹಣ್ಣು ತಿಕ್ಕಬೇಕು. ಬುರುಬುರು ನೊರಿ ಬರ್ತದ. ಆ ನೊರಿ ಕೂಡ ಇದ್ದಬಿದ್ದ ಕೊಳಿ ಎಲ್ಲಾ ಹೊರಗ ಬರ್ತದ. ಅರಿವಿ ಒಗಿಯೂವಾಗ ನೋಡೀರಲ್ಲ, ಹಂಗ.

ಅಡಿಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು.

ಸೇಠ್: ಅದಕ್ಕೇ ಮನಿ ಹಿಂಗ ಘಮಾ ಘಮಾ ಅನ್ಲಿಕತ್ತದ. ಬ್ಯಾರೆ ಕಡಿ ನೋಡಿ ಬಂದೆ, ಎಲ್ಲಾ ಎಣ್ಣಿ ವಾಸನಿ.

ನರಸಪ್ಪ: ಎಣ್ಣಿ ವಾಸನಿ ನಮ್ಮ ಮನ್ಯಾಗ ನಡಿಯೂದಿಲ್ರಿ.

ಸೇಠ್: ಈ ಕೆಲಸ ಮಾಡಿದ ಮಿಸ್ತ್ರಿ ಯಾರು?

ನರಸಪ್ಪ ಸೂರು ನೋಡಿದ, ಮೀಸೆ ಒರೆಸಿಕೊಂಡ.

ನರಸಪ್ಪ: ಒಳಗ ಅದಾರ.

ಕರೆಯುವ ಮೊದಲೇ ಸುಂದರಬಾಯಿ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ಬಂದವಳು ನಿಲ್ಲಲಿಲ್ಲ. ಪಡಸಾಲೆಯ ನಟ್ಟನಡುವೆ, ಹೊಳಪು ಮುಗಿದು ಮಂಕು ಶುರುವಾಗುವಲ್ಲಿ, ಕಾಲು ಮಡಚಿ ಕುಳಿತಳು. ಆ ಜಾಗದಲ್ಲಿ ಅವಳು ಕುಳಿತದ್ದು ಅದೇ ಮೊದಲು. ಸೇಠರು ಅದಬಿನಿಂದ ತಲೆಬಾಗಿ ಸಲಾಮು ಹೇಳಿ, ಉಳಿದ ಅರ್ಧವನ್ನು ತಮ್ಮ ಕಣ್ಣ ಮುಂದೆ ಮಾಡಿ ತೋರಿಸಿದರೆ ಇವತ್ತೇ ಕೆಲಸ ಒಪ್ಪಿಸಿ ಹೋಗುತ್ತೇನೆ, ಸಂಜೆಯ ಗಾಡಿಗೆ ಇನ್ನೂ ಹೊತ್ತಿದೆ ಎಂದರು.

ಸುಂದರಬಾಯಿ: ತೋರಸ್ತೀನ್ರಿ. ಆದ್ರ ಹಣ್ಣು ಮುಗದಾವ. ಮಿಸ್ತ್ರಿ ಕೆಲಸ ಬಿಟ್ಟು ಬಜಾರಕ್ಕ ಹೋಗ್ಲಿಕ್ಕ ಬರೂದಿಲ್ಲ.

ಗೂಟಕ್ಕೆ ಹಾಕಿದ್ದ ಕೈಚೀಲ ನರಸಪ್ಪನಿಗೇ ಹತ್ತಿರವಿತ್ತು. ಅದನ್ನು ತೆಗೆದುಕೊಂಡು, ತಾನು ಇಷ್ಟು ವರ್ಷ ಕಾಯ್ದ ಹೊಳಪಿನ ಮೇಲೆ ಮೆಲ್ಲಗೆ ಕಾಲಿಟ್ಟು, ಆ ಕಡೆಯಿಂದ ಈ ಕಡೆಗೆ ದಾಟಿ, ಹೊಸ್ತಿಲ ಬಳಿ ಚಪ್ಪಲಿ ಮೆಟ್ಟಿದ.

ನರಸಪ್ಪ: ಎಷ್ಟು ತರಬೇಕು?

ಸುಂದರಬಾಯಿ: ಚೀಲ ತುಂಬ ತರ್ರಿ. ಮತ್ತ ಬರೂವಾಗ ಹಿಂದಿನ ಬಾಗಿಲಿಂದ ಬರ್ರಿ. ಪಡಸಾಲ್ಯಾಗ ಕೆಲಸ ನಡದಿರ್ತದ.