ಎಳ್ಳೆಣ್ಣೆಯಲ್ಲಿ ಬರೆದ ಮುಖ

ಕಾವೇರಿಯನ್ನು ಎರಡು ಕವಲಾಗಿ ಹರಿಸಿ ಶ್ರೀರಂಗಪಟ್ಟಣವನ್ನು ದ್ವೀಪವಾಗಿಸಿದ ಭಗವಂತನು ನನ್ನ ಸೋದರಮಾವನವರನ್ನು ಅದರ ನಟ್ಟನಡುವೆ ತಂದಿರಿಸಿದ್ದು, ಅವರು ಸುತ್ತಲಿನ ಸೀಮೆಗೆ ಹರಡದಿರಲಿ ಎಂಬ ಲೋಕಹಿತದಿಂದಲೇ ಇರಬೇಕೆಂದು ನನ್ನ ಅನುಮಾನ. ಆದರೆ ಮುಂದೊಂದು ಕಾಲಕ್ಕೆ ಸೇತುವೆಯೂ ಬಸ್ಸೂ ಬರುತ್ತವೆಂಬುದನ್ನು ಭಗವಂತನು ಯೋಚಿಸಿದಂತಿಲ್ಲ.

ನಮ್ಮ ಬೀದಿಗೆ ಮೊದಲ ಎಸ್.ಟಿ.ಡಿ. ಬೂತು ಬಂದ ವರ್ಷದ ಮಾತು. ಮಾವನವರಿಗೆ ಆಗ ಎಪ್ಪತ್ತೆರಡು, ನನಗೆ ಅರವತ್ತು. ಅವರು ಪಾಂಡವಪುರದ ಕಡೆ ಹೊಲಗದ್ದೆಗಳ ಸರ್ವೆ ನಕ್ಷೆ ಬರೆದು ಬರೆದು ನಿವೃತ್ತರಾದವರು, ನಾನು ಊರವರ ಪೌರೋಹಿತ್ಯ ಮಾಡಿಕೊಂಡಿದ್ದವನು. ಒಂದು ಬೆಳಗ್ಗೆ ನಾನು ಸಂಧ್ಯಾವಂದನೆ ಮುಗಿಸಿ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕುಳಿತಿದ್ದೆ. ಹೊಳೆಯ ಮೇಲೆ ಮಂಜು ತೆಳ್ಳಗೆ ಹಾಸಿತ್ತು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಮೊದಲಾಯಿತೆಂದು ತಿಳಿಯದಂಥ ಹೊತ್ತು. ಮಾವನವರು ಬಂದು ಪಕ್ಕದಲ್ಲಿ ಕುಳಿತು, ನೀರನ್ನೇ ನೋಡುತ್ತ ಹೇಳಿದರು:

"ಆಯಿಲ್ ಪೇಂಟಿಂಗ್ ಕ್ಲಾಸಿಗೆ ಸೇರ್ಕೊಂಡೆ ಕಣೋ."

"ಯಾರಿಗೆ ಕಲಿಸೋದಕ್ಕೆ ಮಾವ?"

"ಕಲಿಯೋದಕ್ಕೆ. ಒಂದೇ ಒಂದು ಮುಖ ಬರೀಬೇಕು. ಅಕ್ಕನ್ನ."

ಅವರ ಅಕ್ಕನೆಂದರೆ ನನ್ನ ತಾಯಿ. ನಾನು ಹತ್ತು ತಿಂಗಳ ಕೂಸಾಗಿದ್ದಾಗ ಜ್ವರದಲ್ಲಿ ತೀರಿಕೊಂಡಳು. ಫೋಟೋ ತೆಗೆಸಿದರೆ ಆಯಸ್ಸು ಕುಂದುತ್ತದೆಂದು ನಮ್ಮ ಹಿರಿಯರ ನಂಬಿಕೆ. ತೆಗೆಸಲಿಲ್ಲ, ಆಯಸ್ಸು ಹೇಗೂ ಕುಂದಿತು. ಆಕೆಯನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿದ್ದವರು ಮಾವನವರೊಬ್ಬರೇ. ಅವರ ಕಣ್ಣಿಗೋ ಪೊರೆ ಬೆಳೆಯುತ್ತಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ, "ಪೊರೆ ತೆಗೆಯೋವಾಗ ಅದರ ಹಿಂದೆ ಇರೋ ಅಕ್ಕನ್ನೂ ತೆಗೆದುಬಿಟ್ರೆ? ಮೊದಲು ಬರೆದುಬಿಡ್ತೀನಿ ತಡಿ" ಎನ್ನುವರು. ಈ ವಾದಕ್ಕೆ ತರ್ಕಶಾಸ್ತ್ರದಲ್ಲಿ ಖಂಡನೆಯಿದೆಯೆ? ನಾನು ಹುಡುಕಿ ನೋಡಿದ್ದೇನೆ, ಇಲ್ಲ.

ಕ್ಲಾಸು ನಡೆಯುತ್ತಿದ್ದದ್ದು ಭಾನುವಾರ, ಶಾಲೆಯೊಂದರ ಕೊಠಡಿಯಲ್ಲಿ. ಕಲಿಸುವಾಕೆ ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಇಪ್ಪತ್ತೆರಡರ ಹೆಣ್ಣುಮಗಳು. ಕಲಿಯುವವರು ಒಂಬತ್ತು ಮಕ್ಕಳು ಮತ್ತು ಮಾವನವರು. ಗುರುಮುಖೇನ ಬಾರದ ವಿದ್ಯೆ ವಿದ್ಯೆಯಲ್ಲವೆಂದು ಬಲ್ಲ ಮಾವನವರು ಮೊದಲ ದಿನವೇ ತಟ್ಟೆಯಲ್ಲಿ ಫಲತಾಂಬೂಲವಿಟ್ಟುಕೊಂಡು ಹೋಗಿ, "ಗುರುಗಳೇ" ಎಂದು ಬಗ್ಗಿದರಂತೆ. ಆಕೆ ಹೌಹಾರಿ, "ಅಯ್ಯೋ, ಏಳಿ ಅಜ್ಜ" ಎಂದು ಅವರನ್ನು ಎಬ್ಬಿಸಿ, ಬೇಕಾದ ಸಾಮಾನುಗಳ ಪಟ್ಟಿಯನ್ನು ಕೈಗಿಟ್ಟಳು.

ಆ ಪಟ್ಟಿಯನ್ನು ಮಾವನವರು ಹೋಮದ ಸಾಮಗ್ರಿಗಳ ಪಟ್ಟಿಯಂತೆ ಕಣ್ಣಿಗೊತ್ತಿಕೊಂಡರು. ಆಮೇಲೆ, ಅದರಲ್ಲಿದ್ದ ಒಂದೊಂದು ವಸ್ತುವನ್ನೂ ಬಿಟ್ಟು ಬೇರೊಂದನ್ನು ತಂದರು.

ಬಣ್ಣ ಕಲಸುವುದಕ್ಕೆ ಹೆಬ್ಬೆರಳು ತೂರುವ ತೂತಿರುವ ಹಲಗೆ ಬೇಕೆಂದಿತ್ತು. ಎರಡು ದಿನದ ಮೇಲೆ ಅತ್ತೆಯವರು ನಡುಮನೆಯಲ್ಲಿ ನಿಂತು ನನಗೆ ದೂರು ಹೇಳಿದರು: "ನೋಡಪ್ಪ ನಿಮ್ಮ ಮಾವನ ಕೆಲಸ. ನಮ್ಮ ಮದುವೆ ಹಸೆಮಣೆಗೆ ತೂತು ಕೊರೆದಿದಾರೆ."

"ಹಸೆಮಣೆ ಎರಡಿದೆ. ನಾನು ಕೂತಿದ್ದಕ್ಕೆ ಕೊರೆದೆ" ಎಂದರು ಮಾವನವರು ಒಳಗಿನಿಂದ. "ನಿನ್ನದನ್ನ ಮುಟ್ಟಿಲ್ಲ."

ಹಲಸಿನ ಮರದ ಆ ಮಣೆಯನ್ನು ಒಂದು ಕೈಯಲ್ಲಿ ಹಿಡಿಯಲು ಭೀಮಸೇನನೇ ಬರಬೇಕು. ಮಾವನವರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಶಾಸ್ತ್ರಕ್ಕೆಂದು ಹೆಬ್ಬೆರಳನ್ನು ಮಾತ್ರ ತೂತಿನಲ್ಲಿ ತೂರಿಸಿ ಕುಳಿತಿರುತ್ತಿದ್ದರು.

ಕುಂಚದ ಕಥೆ ಇನ್ನೂ ದೊಡ್ಡದು. ಇದು ಯಾವ ಪ್ರಾಣಿಯ ಕೂದಲೆಂದು ಶಿಷ್ಯರಾದ ಮಾವನವರು ಕೇಳಿದರು. ಹಂದಿಯದೆಂದು ಗುರುಗಳು ಸತ್ಯವನ್ನೇ ನುಡಿದರು. ಮಾವನವರು ನೇರವಾಗಿ ಹೊಳೆಗೆ ಹೋಗಿ ಉಟ್ಟ ಬಟ್ಟೆಯಲ್ಲೇ ಮುಳುಗು ಹಾಕಿ ಬಂದು, ಗೋವಿನ ಬಾಲದ ಕೂದಲೇ ಪ್ರಶಸ್ತವೆಂದು ತೀರ್ಮಾನಿಸಿದರು. ಹಾಲು ತರುತ್ತಿದ್ದ ಪಾಲಹಳ್ಳಿಯ ಗೌಡತಿ ಗಾಬರಿಯಾದಳು.

"ಬಾಲ್ದ ಕೂದ್ಲು ಕತ್ರುಸ್ಬುಟ್ರೆ ಅಸ ನೊಣ ಎಂಗೆ ಓಡುಸ್ಕತದೆ ಸೋಮಿ?"

"ಕೂದಲು ಬೆಳೆಯೋವರೆಗೂ ನಾನೇ ಬಂದು ಬೀಸ್ತೀನಮ್ಮ."

"ನೀವಾ? ಬೀಸೀರಿ ಬುಡಿ" ಎಂದು ನಕ್ಕಳು.

ಕೊಟ್ಟ ಮಾತಿಗೆ ತಪ್ಪುವವರೆ? ಎರಡು ದಿನ ಪಾಲಹಳ್ಳಿಗೆ ಹೋಗಿ, ಕೊಟ್ಟಿಗೆಯಲ್ಲಿ ನಿಂತು ಬೀಸಣಿಗೆಯಿಂದ ಗೋಸೇವೆ ಮಾಡಿ ಬಂದರು. ಮೂರನೆಯ ದಿನ ಸೇವೆ ಸಾಕೆಂದು ಹಸುವೇ ತಿಳಿಸಿತು. ಅದಕ್ಕೆ ಅವರ ಮೊಣಕಾಲಿನ ಗಾಯವೇ ಸಾಕ್ಷಿ.

ಪಟ್ಟಿಯ ಕೊನೆಯಲ್ಲಿ ಅಗಸೆ ಎಣ್ಣೆ ಎಂದಿತ್ತು. ಇಲ್ಲಿ ಮಾವನವರು ಬಂಡೆಯಂತೆ ನಿಂತುಬಿಟ್ಟರು. "ಬಡಗಿಗಳು ಬಾಗಿಲಿಗೆ ಬಳಿಯೋ ಎಣ್ಣೆ ಅದು. ದೇವರ ದೀಪಕ್ಕೆ ಇಡದೇ ಇರೋದು ನಮ್ಮಕ್ಕನ ಮುಖಕ್ಕೆ ಆಗುತ್ತೇನೋ? ಎಳ್ಳೆಣ್ಣೆ ಬೇಕು. ಅದೂ ಎತ್ತಿನ ಗಾಣದ್ದು."

ಎತ್ತಿನ ಗಾಣ ಆಗಲೇ ಅಪರೂಪವಾಗಿತ್ತು. ದೇವಲಾಪುರದ ಬಳಿ ಒಂದು ಉಳಿದಿದೆಯೆಂದು ಯಾರೋ ಹೇಳಿದರು. ನಾಗಮಂಗಲದ ಕಡೆಯ ಬಸ್ಸು ಹತ್ತಿದೆವು. ನಾಲೆಯ ಬಯಲಿನ ಹಸುರು ಹಿಂದೆ ಸರಿದು, ಕೆಂಪು ನೆಲವೂ ಹುಚ್ಚೆಳ್ಳಿನ ಹಳದಿ ಹೂವೂ ಕಿಟಕಿಯಲ್ಲಿ ನಿಧಾನವಾಗಿ ತೇಲಿಬಂದವು. ಮಾವನವರು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯೆಂದುಕೊಂಡೆ. "ಹುಬ್ಬು ಸಿಕ್ತು" ಎಂದರು ತಮ್ಮಷ್ಟಕ್ಕೆ. ಸ್ವಲ್ಪ ಹೊತ್ತಿನ ಮೇಲೆ, "ಎಡಗಡೇದು ಒಂಚೂರು ಮೇಲಕ್ಕೆ" ಎಂದರು. ಮುಂದಿನ ಸೀಟಿನಾತ ತನ್ನ ಮೂಟೆಯನ್ನು ಒಂಚೂರು ಮೇಲಕ್ಕೆ ಸರಿಸಿಟ್ಟ.

ಗಾಣದವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ.

"ದೀಪಕ್ಕಾ ಸೋಮಿ, ವಗ್ರಣ್ಗಾ?"

"ಮುಖಕ್ಕೆ" ಎಂದರು ಮಾವನವರು.

"ಈ ವಯಸ್ನಾಗೆ ಮಕಕ್ಕಾ? ತಲ್ಗೇ ಅಚ್ಕಳಿ, ತಂಪಾಯ್ತದೆ. ಬುದ್ದಿನೂ ನೆಟ್ಗಾಯ್ತದೆ."

ಚಿತ್ರ ಮೊದಲಾಯಿತು. ಸರ್ವೆಯವರಿಗೆ ಮುಖವೂ ಒಂದು ಹೊಲವೇ ಅಲ್ಲವೆ? ಮೂಡಲಿಗೊಂದು ಕಿವಿ, ಪಡುವಲಿಗೊಂದು ಕಿವಿ, ಬಡಗಲಿಗೆ ಬೈತಲೆ, ತೆಂಕಲಿಗೆ ಗಲ್ಲವೆಂದು ಚೆಕ್ಕುಬಂದಿ ಗುರುತಿಸಿ, ನಡುವೆ ಮೂಗನ್ನು ಗಡಿಕಲ್ಲಿನಂತೆ ನೆಟ್ಟರಂತೆ. 'ಅಂತೆ' ಎನ್ನುತ್ತೇನೆ, ಏಕೆಂದರೆ ಅತ್ತೆಯವರೂ ಗುರುಗಳೂ ನೋಡಬಹುದಾಗಿದ್ದ ಚಿತ್ರವನ್ನು ನನಗೆ ಮಾತ್ರ ತೋರಿಸುತ್ತಿರಲಿಲ್ಲ. ಕೇಳಿದರೆ, "ಹೆತ್ತ ತಾಯೀನ ಮೊದಲನೇ ಸಲ ನೋಡೋವಾಗ ತಪ್ಪು ಮುಖ ನೋಡಬಾರದು ಕಣೋ" ಎನ್ನುವರು.

ಮುಖ ಮುಗಿಯುತ್ತ ಬಂತು; ಒಣಗಲಿಲ್ಲ. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು, ಹಪ್ಪಳ ಸಂಡಿಗೆಗಳೆಲ್ಲ ಒಣಗಿ ಡಬ್ಬ ಸೇರಿದವು. ಅಮ್ಮ ಒಣಗಲಿಲ್ಲ. "ಅತ್ತಿಗೆ ಮೂಗಿನ ಮೇಲೆ ನೊಣ ಕೂತು ಅಲ್ಲೇ ಐಕ್ಯವಾಯ್ತು" ಎಂದು ಅತ್ತೆಯವರು ವರದಿ ಕೊಟ್ಟರು. ಕೂಡಲೇ ಮಾವನವರು ತಮ್ಮ ಮಂಚದ ಸೊಳ್ಳೆಪರದೆಯನ್ನು ಬಿಚ್ಚಿ ಚಿತ್ರಕ್ಕೆ ಕಟ್ಟಿದರು. ಅಂದಿನಿಂದ ದಂಪತಿಗಳನ್ನು ಸೊಳ್ಳೆ ಕಚ್ಚಿತು. ಅಕ್ಕ ಪರದೆಯೊಳಗೆ ಸುಖವಾಗಿದ್ದಳು.

ಕೊನೆಗೆ ಗುರುಗಳೇ ಮನೆಗೆ ಬಂದು ಮುಟ್ಟಿ ನೋಡಿದರು. ನಾನು ಹೊಸ್ತಿಲಾಚೆ ನಿಂತಿದ್ದೆ.

"ಅಜ್ಜ, ಎಳ್ಳೆಣ್ಣೆ ಒಣಗೋ ಎಣ್ಣೆ ಅಲ್ಲ. ಇದು ಹೀಗೇ ಇರುತ್ತೆ. ಕೆರೆದು ತೆಗೆದುಬಿಟ್ಟು ಅಗಸೆ ಎಣ್ಣೇಲಿ ಇನ್ನೊಂದ್ಸಲ ಬರೀರಿ. ನಾನೂ ಜೊತೇಲಿ ಕೂತ್ಕೋತೀನಿ."

ಮಾವನವರು ಪರದೆಯ ಅಂಚನ್ನು ಎಳೆದು ಸರಿಮಾಡಿದರು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಬರ್ತಾಳೋ ಇಲ್ವೋ ಗುರುಗಳೇ" ಎಂದರು.

ಆ ಹುಡುಗಿ ತಾನು ತಂದಿದ್ದ ಅಗಸೆ ಎಣ್ಣೆಯ ಶೀಶೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಅದೇ ವರ್ಷ ತಾಯಿಯ ಶ್ರಾದ್ಧದ ದಿನ. ಹೆಸರು, ಗೋತ್ರ, ರೂಪ ಮೂರನ್ನೂ ಉಚ್ಚರಿಸಿ ಎಳ್ಳುನೀರು ಬಿಡಬೇಕೆಂಬುದು ವಿಧಿ. ಹೆಸರನ್ನು ಬಲ್ಲೆ, ಗೋತ್ರವನ್ನು ಬಲ್ಲೆ. ರೂಪವೆನ್ನುವಾಗ ಪ್ರತಿವರ್ಷವೂ ನನ್ನ ಮುಚ್ಚಿದ ಕಣ್ಣಿನೊಳಗೆ ಬೆಳ್ಳಗೆ ಏನೂ ಇಲ್ಲದ ಜಾಗವೊಂದು ಇರುತ್ತಿತ್ತು. ಆ ವರ್ಷವೂ ಹಾಗೆಯೇ ಮುಗಿಸಿ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಾವನವರ ಮನೆಗೆ ಹೋದೆ. ಕಣ್ಣು ತೀರ ಮಂಜಾಗಿ ಅವರು ಊಟಕ್ಕೆ ಬಂದಿರಲಿಲ್ಲ.

ಹೊಳೆಯ ಕಡೆಯ ಕಿಟಕಿಯ ಬಳಿ ಕುಳಿತಿದ್ದರು. ನೀರಿನ ಬೆಳಕು ಗೋಡೆಯ ಮೇಲೆ ಅಲುಗಾಡುತ್ತಿತ್ತು. ನನ್ನ ಹೆಜ್ಜೆಯ ಸದ್ದು ಕೇಳಿ ಪರದೆ ಸರಿಸಿದರು.

"ಇನ್ನು ನನಗೆ ತಿದ್ದೋದಕ್ಕೆ ಕಾಣಲ್ಲ. ನೋಡು."

ಹತ್ತೊಂಬತ್ತರ ಹುಡುಗಿ. ನನ್ನ ಮಗಳಿಗಿಂತ ಚಿಕ್ಕವಳು. ಪಡುವಲ ಕಿವಿ ಮೂಡಲ ಕಿವಿಗಿಂತ ಒಂದು ಗುಂಟೆ ದೊಡ್ಡದಾಗಿತ್ತು. ಎಡಹುಬ್ಬು ಒಂಚೂರು ಮೇಲೆ, ಒಳಮನೆಯಲ್ಲಿ ಕೂಸು ಎದ್ದ ಸದ್ದಿಗೆ ಕಿವಿಗೊಟ್ಟವಳಂತೆ. ಹೋಲುತ್ತದೆಯೋ ಇಲ್ಲವೋ, ನಾನು ಯಾರನ್ನು ಕೇಳಲಿ? ಕೈ ತಾನಾಗಿ ಮುಂದಕ್ಕೆ ಹೋಯಿತು. ಬೆರಳ ತುದಿಗೆ ಎಣ್ಣೆ ಹತ್ತಿತು. ಒರೆಸಿಕೊಳ್ಳಲು ಬಟ್ಟೆ ಹುಡುಕಿದೆ.

"ಒರೆಸಬೇಡ" ಎಂದರು ಮಾವನವರು. "ನೆತ್ತಿಗೆ ಹಚ್ಕೋ. ಅಕ್ಕ ಕಾಲು ನೀಡಿ, ಮೇಲೆ ನಿನ್ನ ಮಲಗಿಸ್ಕೊಂಡು ಇಂಥದೇ ಗಾಣದೆಣ್ಣೇನ ತಟ್ಟಿ ತಟ್ಟಿ ಇಳಿಸ್ತಿದ್ಲು. ನಾನು ಎಣ್ಣೆ ಗಿಂಡಿ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತಿದ್ದೆ. ಈ ವಾಸನೆ ಬಂದರೇನೇ ಕಣೋ ನನಗೆ ಮುಖ ಕಾಣ್ಸೋದು. ಅಗಸೆ ಎಣ್ಣೆ ಮೂಸಿದರೆ ಬಡಗಿ ಕಾಣಿಸ್ತಾನೆ."

ಶ್ರಾದ್ಧದ ದಿನ ತಲೆಗೆ ಎಣ್ಣೆ ಸೋಂಕಿಸಬಾರದು. ಇದನ್ನು ಅರ್ಧ ಊರಿಗೆ ಹೇಳಿದವನು ನಾನು. ಬೆರಳನ್ನೆತ್ತಿ ನೆತ್ತಿಯ ಮೇಲಿಟ್ಟುಕೊಂಡು, ಅವಳ ಮುಂದೆ ನೆಲದ ಮೇಲೆ ಕುಳಿತೆ.