ಮೂವತ್ತೆರಡು ರಕ್ಕಸರು

ನಮ್ಮ ಪ್ರೌಢಶಾಲೆಯ ನಾಟಕಕ್ಕೆ ಪಾತ್ರ ಹಂಚುವ ಪವಿತ್ರ ಕಾರ್ಯವನ್ನು ಈ ವರ್ಷ ಕಂಪ್ಯೂಟರಿಗೆ ಒಪ್ಪಿಸಬೇಕೆಂದು ನಾನು ತೀರ್ಮಾನಿಸಿದೆ. ಕಾರಣವಿತ್ತು. ಕಳೆದ ವರ್ಷ ಪಾತ್ರ ಸಿಗದ ಮಕ್ಕಳ ಹೆತ್ತವರು ಬೆಳ್ತಂಗಡಿ ಪೇಟೆಯಲ್ಲಿ ಕಂಡಲ್ಲೆಲ್ಲ ನನ್ನನ್ನು ನಿಲ್ಲಿಸಿ ನ್ಯಾಯ ಕೇಳಿದ್ದರು. "ಈ ಸಲವೂ ತಕರಾರು ಬಂದ್ರೆ ನಾಟಕವನ್ನು ಪಿ.ಟಿ. ಮಾಸ್ಟ್ರಿಗೆ ಕೊಡ್ತೇನೆ" ಎಂದು ಮುಖ್ಯೋಪಾಧ್ಯಾಯಿನಿ ಲಿಲ್ಲಿ ಟೀಚರ್ ಎಚ್ಚರಿಸಿದ್ದರು. ಹದಿನೈದು ವರ್ಷ ನಾಟಕ ಆಡಿಸಿದ ಕನ್ನಡ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೇ?

"ಮಕ್ಕಳನ್ನು ನಿಲ್ಲಿಸಿ ಎರಡು ಮಾತು ಹೇಳಿಸಿದ್ರೆ ಗೊತ್ತಾಗ್ತದಲ್ಲ ಮಾರಾಯ್ರೆ, ಅದಕ್ಕೆ ಕಂಪ್ಯೂಟರ್ ಯಾಕೆ?" ಎಂದಳು ಹೆಂಡತಿ ಸುಮತಿ.

"ಇದು ವಿಜ್ಞಾನ. ನಿನಗೆ ಅರ್ಥ ಆಗ್ಲಿಕ್ಕಿಲ್ಲ" ಎಂದೆ.

ಮೊದಲ ದಿನ ಒಂಬತ್ತನೇ ತರಗತಿಗೆ ಪಾತ್ರದ ಗುಣ ಎಂದರೇನೆಂದು ಪಾಠ ಮಾಡಿದೆ. ರಾಜ ಶಾಂತ, ಮಂತ್ರಿ ಜಾಣ, ರಾಣಿ ತಾಳ್ಮೆಯವಳು, ರಕ್ಕಸ ಮಹಾ ಕೋಪಿಷ್ಠ ಎಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ. ಮರುದಿನ ಅವರನ್ನು ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿ ಇಪ್ಪತ್ತು ಪ್ರಶ್ನೆ ಕೊಟ್ಟೆ. ನಿನಗೆ ಸಿಟ್ಟು ಬರುತ್ತದೆಯೇ? ಬೊಬ್ಬೆ ಹಾಕುತ್ತೀಯಾ? ಉತ್ತರ ನೋಡಿ ಯಾರಿಗೆ ಯಾವ ಪಾತ್ರವೆಂದು ಯಂತ್ರವೇ ತಿಳಿಸುವ ಏರ್ಪಾಡು. ಒಂದೇ ಒಂದು ಕ್ಲಿಕ್!

ಪಟ್ಟಿ ಬಂತು. ಮಕ್ಕಳು ಮೂವತ್ತೆರಡು. ರಕ್ಕಸರೂ ಮೂವತ್ತೆರಡು!

ಲಿಲ್ಲಿ ಟೀಚರ್ ಪಟ್ಟಿಯನ್ನು ಎರಡು ಸಲ ಓದಿದರು. "ಅಲ್ಲ ಮಾಸ್ಟ್ರೇ, ರಾಜ್ಯ ಆಳುವವರು ಯಾರು?"

ನಾನು ತರಗತಿಗೆ ಓಡಿದೆ. ಇಲ್ಲದ ಸಿಟ್ಟನ್ನು ಉಂಟೆಂದು ಯಾಕೆ ಬರೆದಿರಿ ಎಂದು ಕೇಳಿದರೆ ಲೀಡರ್ ಪ್ರಜ್ವಲ್ ಎದ್ದು ನಿಂತ.

"ನೀವೇ ಬೋರ್ಡಲ್ಲಿ ಬರೆದದ್ದಲ್ವಾ ಸರ್, ಸಿಟ್ಟಿದ್ರೆ ರಕ್ಕಸ ಅಂತ? ರಾಜನಿಗೆ ಸುಮ್ಮನೆ ಕೂತ್ಕೊಳ್ಳುವ ಕೆಲಸ. ಯಕ್ಷಗಾನದಲ್ಲಿ ರಕ್ಕಸ ಜನರ ಹಿಂದಿನಿಂದ ಬೊಬ್ಬೆ ಹೊಡ್ಕೊಂಡು ಬರ್ತಾನೆ, ನಿದ್ದೆ ಮಾಡುವವ್ರೆಲ್ಲ ಎದ್ದು ಕೂತ್ಕೊಳ್ತಾರೆ. ಯಾರಿಗೆ ಬೇಡ ಸರ್ ಅದು?"

ಪರೀಕ್ಷೆಯ ಹಿಂದಿನ ದಿನ ಉತ್ತರಗಳನ್ನು ತಾನೇ ಹಂಚಿದ ಶಿಕ್ಷಕ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ನಾಚಿಕೆ ಆಗಬೇಕಿತ್ತು. ಆದರೆ ಬಂದದ್ದು ಸಿಟ್ಟು! ಮೇಜು ಗುದ್ದಿದೆ, ಪ್ಯಾಂಟು ಮೇಲೆಳೆದೆ, "ನಿಮ್ಮನ್ನೆಲ್ಲ ಏನು ಮಾಡ್ತೇನೆ ನೋಡಿ!" ಎಂದು ಗರ್ಜಿಸಿದೆ. ಡಸ್ಟರ್ ನೆಲಕ್ಕೆ ಬಿತ್ತು.

ಅದನ್ನು ಹೆಕ್ಕಲು ಬಗ್ಗಿದಾಗ ಬೆನ್ನ ಹಿಂದೆ ಅದೇ ಗರ್ಜನೆ ಮತ್ತೊಮ್ಮೆ ಕೇಳಿಸಿತು. ತಿರುಗಿ ನೋಡಿದರೆ ಮೊದಲ ಬೆಂಚಿನ ಶಮೀನಾ! ಹಾಜರಿ ಕರೆದಾಗಲೂ ಸ್ವರ ಹೊರಡದ ಹುಡುಗಿ ಬೆಂಚು ಗುದ್ದಿ, ಇಲ್ಲದ ಪ್ಯಾಂಟು ಮೇಲೆಳೆದು, ಕಣ್ಣು ಕೆಕ್ಕರಿಸಿ ನಿಂತಿದ್ದಳು. ಉಳಿದ ಮೂವತ್ತೊಂದು ರಕ್ಕಸರು ಬಿದ್ದು ಬಿದ್ದು ನಕ್ಕರು. "ಇವಳಿಗೇ ಕೊಡಿ ಸರ್!" ಎಂದು ಪ್ರಜ್ವಲನೇ ಕೂಗಿದ.

ಬಾಗಿಲಲ್ಲಿ ನಿಂತಿದ್ದ ಲಿಲ್ಲಿ ಟೀಚರ್, "ರಕ್ಕಸ ಸಿಕ್ಕಿದ. ಉಳಿದವ್ರನ್ನೂ ಹೀಗೇ ನಿಲ್ಲಿಸಿ ನೋಡುವ" ಎಂದರು. ಅರ್ಧ ಗಂಟೆಯಲ್ಲಿ ರಾಜ, ರಾಣಿ, ಮಂತ್ರಿ ಎಲ್ಲರೂ ಸಿಕ್ಕಿದರು. ನಾಟಕ ನನ್ನ ಕೈಯಲ್ಲೇ ಉಳಿಯಿತು.

ವಾರ್ಷಿಕೋತ್ಸವದ ದಿನ ಶಮೀನಾ ಜನರ ಹಿಂದಿನಿಂದ ಬೊಬ್ಬೆ ಹೊಡೆಯುತ್ತ ಬಂದಳು. ವೇದಿಕೆ ಹತ್ತಿ ಸಿಂಹಾಸನ ಗುದ್ದಿದಳು, ಪ್ಯಾಂಟು ಮೇಲೆಳೆದಳು. ಹೆತ್ತವರಲ್ಲಿ ಒಬ್ಬರೂ ತಕರಾರು ಮಾಡಲಿಲ್ಲ. ಎಲ್ಲರೂ ತಿರುಗಿ ತಿರುಗಿ ನನ್ನನ್ನೇ ನೋಡಿ ನಗುತ್ತಿದ್ದರು. ಪಕ್ಕದಲ್ಲಿ ಸುಮತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಮನೆಯಲ್ಲಿ ಇದಕ್ಕಿಂತ ಸ್ವಲ್ಪ ಜೋರು" ಎಂದು ಹಿಂದಿನ ಸಾಲಿನವರಿಗೆ ವಿವರಿಸುತ್ತಿದ್ದಳು!

ಸಹಜ ಅಭಿನಯದ ಬಹುಮಾನವೂ ಶಮೀನಾಳಿಗೇ ಬಂತು. ಇಷ್ಟೊಳ್ಳೆಯ ನಟನೆ ಎಲ್ಲಿ ಕಲಿತೆ ಎಂದು ಕೇಳಿದೆ.

"ನಾನೇನೂ ಕಲೀಲಿಲ್ಲ ಸರ್" ಎಂದಳು ಮೆಲ್ಲಗೆ. "ಜೂನ್‌ನಿಂದ ದಿನಾ ನೋಡಿದ್ದು, ಅಷ್ಟೇ."